ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕಳಿಸಬೇಕೆಂದು ಗುರುಗಳು ತಿಳಿಸಿದರು. ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು ಬಹಳ ಜನರಿದ್ದಾರೆ. ಹಾಗಾಗಿ ಈಗ ಓದುತ್ತಿರುವ ಮಕ್ಕಳಿಗೆ ಉಪಯೋಗವಾಗಲೆಂದು ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ದೊಡ್ಡ ಅಧಿಕಾರಿಯ ಜೀವನವನ್ನು ಬರೆಯಲು ಆರಿಸಿಕೊಂಡಿದ್ದೇನೆ. ಅವರೇ ಸರ್ ಬೆನಗಲ್ ನರಸಿಂಗ ರಾವ್. ಬಿ.ಎನ್. ರಾವ್ ಎಂದರೆ ಹೆಚ್ಚು ಜನರಿಗೆ ಗೊತ್ತಾಗುತ್ತದೆ.

ಇವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಪ್ರತಿ ವರ್ಷ ಜನವರಿ 26 ಮತ್ತು ಏಪ್ರಿಲ್ 14 ಹತ್ತಿರ ಬಂದಾಗ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಜಗಳ ಶುರುವಾಗುತ್ತದೆ. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ಬಿ.ಎನ್. ರಾವ್ ಎಂದು ಒಬ್ಬರು ಎಲ್ಲಿಂದಲೋ ಬಂದ ಸಂದೇಶ ಹಾಕುತ್ತಾರೆ. ರಾವ್ ಅಂದರೆ ಯಾರು, ಇದೆಲ್ಲ ಕಟ್ಟುಕಥೆ ಎಂದು ಇನ್ನೊಬ್ಬರು ಸಿಟ್ಟಾಗುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ಎರಡು ದಿನ ಮಾತು ಬಿಡುತ್ತಾರೆ. ಅಂಬೇಡ್ಕರರನ್ನು ಮನೆಮನೆಯಲ್ಲಿ ಪೂಜ್ಯ ಭಾವದಿಂದ ಕಾಣುವ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಇದು ಸಣ್ಣ ಮಾತಲ್ಲ. ರಾವ್ ಅವರ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ತಿಳಿದುಕೊಂಡರೆ ಈ ಜಗಳಕ್ಕೆ ಜಾಗವೇ ಇಲ್ಲ ಎಂಬುದು ಸ್ಪಷ್ಟವಾಗುತ್ತದೆ.

ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ರಾಘವೇಂದ್ರ ರಾವ್ ವೈದ್ಯರು. ಮನೆಮಾತು ಕೊಂಕಣಿ. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಈ ಶಾಲೆಯನ್ನು 1891ರಲ್ಲಿ ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈ. ಇಂದು ನಮ್ಮ ಊರುಗಳ ರೈತರು ಬೆಳೆಸಾಲಕ್ಕೆ ಹೋಗುವ ಕೆನರಾ ಬ್ಯಾಂಕನ್ನು 1906ರಲ್ಲಿ ಆರಂಭಿಸಿದವರೂ ಅವರೇ. ಆ ಶಾಲೆಯಿಂದ ಪರೀಕ್ಷೆ ಬರೆದ ನರಸಿಂಗ ರಾವ್ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾದರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ ಪಡೆದು, ಆಮೇಲೆ ಗಣಿತದಲ್ಲೂ ಪ್ರಥಮ ದರ್ಜೆ ಪಡೆದರು. ವಿಜ್ಞಾನ ಬಂದರೆ ಭಾಷೆ ಬರುವುದಿಲ್ಲ, ಭಾಷೆ ಬಂದರೆ ಗಣಿತ ಬರುವುದಿಲ್ಲ ಎಂದು ಹೇಳುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ವಿದ್ಯಾರ್ಥಿವೇತನ ಪಡೆದು ಅವರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಕೂಡ ಆಗ ಅಲ್ಲಿಯೇ ಓದುತ್ತಿದ್ದರು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ರಾವ್ ಬಂಗಾಳಕ್ಕೆ ನೇಮಕವಾಗಿ ಬಂದರು. ಅವರ ತಮ್ಮಂದಿರೂ ದೊಡ್ಡ ಹೆಸರು ಮಾಡಿದವರೇ. ರಾಮರಾವ್ ಐ.ಸಿ.ಎಸ್. ಅಧಿಕಾರಿಯಾಗಿ, ರಾಯಭಾರಿಯಾಗಿ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು.

ಬಂಗಾಳದಲ್ಲಿ ನರಸಿಂಗ ರಾವ್ ಜಿಲ್ಲಾ ನ್ಯಾಯಾಧೀಶರಾಗಿ ಕೆಲಸ ಮಾಡಿದರು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮಿನಲ್ಲಿ ಸರ್ಕಾರದ ಕಾನೂನು ಅಧಿಕಾರಿಯಾಗಿದ್ದರು. ಶಾಸನ ಸಭೆಗೆ ಬರುವ ಮಸೂದೆಗಳನ್ನು ಬರೆಯುವುದು, ತಿದ್ದುವುದು ಅವರ ಕೆಲಸ. ಕಾನೂನಿನಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಎಷ್ಟು ಜನರ ಬದುಕು ಬದಲಾಗುತ್ತದೆ ಎಂಬುದನ್ನು ಅವರು ಕಲಿತದ್ದು ಈ ಕುರ್ಚಿಯಲ್ಲಿ. 1935ರ ಭಾರತ ಸರ್ಕಾರ ಕಾಯ್ದೆ ಬಂದ ಮೇಲೆ ದೇಶದ ಹಳೆಯ ಕಾಯ್ದೆಗಳನ್ನೆಲ್ಲ ಅದಕ್ಕೆ ಹೊಂದಿಸಿ ಪರಿಷ್ಕರಿಸುವ ಕೆಲಸವೂ ಅವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ ದೊರೆಯಿತು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ನ್ಯಾಯಾಧೀಶರಾಗಿದ್ದಾಗ ಸರ್ಕಾರ ಅವರಿಗೆ ವಹಿಸಿದ ಮೂರು ಕೆಲಸಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂರೂ ನಮ್ಮ ಮನೆ ಬಾಗಿಲಿಗೆ ಬಂದು ಮುಟ್ಟಿದವು.

ಮೊದಲನೆಯದು ತುಟ್ಟಿಭತ್ಯೆ. ಎರಡನೆಯ ಮಹಾಯುದ್ಧ ಶುರುವಾಗಿ ಬೆಲೆಗಳು ಏರಿದಾಗ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರು ಸಂಬಳ ಸಾಲದೆಂದು ದೂರಿದರು. ಮುಂಬೈಯಿಂದ ಸೋಲಾಪುರ, ಗಾಣಗಾಪುರ ರೋಡ್, ಕಲಬುರಗಿ ಮೇಲೆ ರಾಯಚೂರಿಗೆ ಹೋಗುವ ನಮ್ಮ ದಾರಿಯೇ ಆ ಕಂಪನಿಯ ದಾರಿ. 1940ರಲ್ಲಿ ರಾವ್ ಅಧ್ಯಕ್ಷತೆಯ ವಿಚಾರಣಾ ನ್ಯಾಯಾಲಯ ಈ ಪ್ರಶ್ನೆಯನ್ನು ಪರಿಶೀಲಿಸಿತು. ಬೆಲೆ ಏರಿದರೆ ಕಡಿಮೆ ಸಂಬಳದವನ ಹೊಟ್ಟೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದ ಆರಂಭದ ಪ್ರಯತ್ನಗಳಲ್ಲಿ ಇದೊಂದು. ಇಂದು ನಮ್ಮ ಗುರುಗಳು ಎದುರು ನೋಡುವ ಡಿ.ಎ. ಹಿಂದೆ ಈ ಇತಿಹಾಸವಿದೆ.

ಎರಡನೆಯದು ನದಿ ನೀರು. ಮೇಲಿನ ಪಂಜಾಬ್ ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಕೆಳಗಿನ ಸಿಂಧ್ ಪ್ರಾಂತ್ಯ ನಮ್ಮ ಕಾಲುವೆಗಳು ಒಣಗುತ್ತವೆ ಎಂದು ದೂರು ಕೊಟ್ಟಿತು. ವಿಚಾರಣೆಗೆ 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ರಾವ್ ಅಧ್ಯಕ್ಷರು. ನದಿ ಎಲ್ಲಿ ಹುಟ್ಟುತ್ತದೋ ಅವರದ್ದೇ ಎಂಬ ವಾದವನ್ನೂ ಅವರು ಒಪ್ಪಲಿಲ್ಲ, ನದಿ ಹಿಂದೆ ಹರಿದಂತೆಯೇ ಹರಿಯಬೇಕೆಂಬ ವಾದವನ್ನೂ ಒಪ್ಪಲಿಲ್ಲ. ದಂಡೆಯ ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬುದು ಆಯೋಗದ ತತ್ವ. 1942ರಲ್ಲಿ ವರದಿ ಬಂದಾಗ ಎರಡೂ ಕಡೆಯವರಿಗೆ ಸಮಾಧಾನವಾಗಲಿಲ್ಲ. ಆದರೆ ಮುಂದೆ ನದಿ ನೀರಿನ ವ್ಯಾಜ್ಯ ಬಂದಾಗಲೆಲ್ಲ ಈ ವರದಿಯನ್ನು ತೆಗೆದು ನೋಡುವುದು ರೂಢಿಯಾಯಿತು. ಮೇಲೆ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಲ ಮುಳುಗುವ, ಬಿಡದಿದ್ದರೆ ಬೇಸಿಗೆಯಲ್ಲಿ ಭೀಮೆ ಬತ್ತುವ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ರೈತರಿಗೆ ಈ ತತ್ವದ ಬೆಲೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಹೆಣ್ಣುಮಕ್ಕಳ ಹಕ್ಕು. 1941ರಲ್ಲಿ ನೇಮಕವಾಗಿ 1944ರಲ್ಲಿ ಮತ್ತೆ ಜೀವ ಪಡೆದ ಹಿಂದೂ ಕಾನೂನು ಸಮಿತಿಗೂ ರಾವ್ ಅವರೇ ಅಧ್ಯಕ್ಷರು. ಸಮಿತಿ ದೇಶದ ಹಲವು ನಗರಗಳಿಗೆ ಹೋಗಿ ಜನರ ಹೇಳಿಕೆ ಪಡೆಯಿತು. ತಂದೆಯ ಆಸ್ತಿಯಲ್ಲಿ ಮಗಳಿಗೂ ಪಾಲು, ಒಬ್ಬನಿಗೆ ಒಂದೇ ಮದುವೆ, ಕೂಡಿ ಬಾಳಲಾಗದಿದ್ದರೆ ವಿಚ್ಛೇದನ ಇವುಗಳನ್ನು ಒಳಗೊಂಡ ಕರಡು ಸಿದ್ಧವಾಯಿತು. ದೊಡ್ಡ ವಿರೋಧ ಬಂತು. ಸ್ವಾತಂತ್ರ್ಯ ಬಂದ ಮೇಲೆ ಈ ಮಸೂದೆಯನ್ನು ಹೊತ್ತು ಸಂಸತ್ತಿನಲ್ಲಿ ಹೋರಾಡಿದವರು ಕಾನೂನು ಮಂತ್ರಿ ಅಂಬೇಡ್ಕರ್. ಅದು ಮುಂದೆ ಸಾಗದೆ ನಿಂತಾಗ 1951ರಲ್ಲಿ ಅವರು ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಕೊನೆಗೆ 1955 ಮತ್ತು 1956ರಲ್ಲಿ ಬೇರೆ ಬೇರೆ ಕಾಯ್ದೆಗಳಾಗಿ ಅದು ಜಾರಿಗೆ ಬಂತು. ಮೊದಲ ಕರಡು ರಾವ್ ಅವರದು, ಜನರ ಎದುರಿಗೆ ನಿಂತು ಹೋರಾಡಿದ್ದು ಅಂಬೇಡ್ಕರರದು. ಈ ಜೋಡಿಯನ್ನು ನೆನಪಿಡಬೇಕು, ಮುಂದೆ ಮತ್ತೆ ಬರುತ್ತದೆ.

1944ರಲ್ಲಿ ಐ.ಸಿ.ಎಸ್. ಸೇವೆಯಿಂದ ನಿವೃತ್ತರಾದ ರಾವ್ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು. ಮಹಾರಾಜರೊಂದಿಗೆ ಅಭಿಪ್ರಾಯ ಹೊಂದಲಿಲ್ಲ. ಮರುವರ್ಷವೇ ರಾಜೀನಾಮೆ ಕೊಟ್ಟು ಬಂದರು.

1946ರಲ್ಲಿ ಸಂವಿಧಾನ ಸಭೆಯ ತಯಾರಿ ಆರಂಭವಾದಾಗ ರಾವ್ ಅದರ ಸಂವಿಧಾನ ಸಲಹೆಗಾರರಾದರು. ಆಗ ಅವರಿಗೆ 59 ವರ್ಷ. ಈ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಅವರು ಸಭೆಯ ಸದಸ್ಯರೂ ಅಲ್ಲ. ಎದ್ದು ನಿಂತು ಭಾಷಣ ಮಾಡುವಂತಿಲ್ಲ, ಮತ ಹಾಕುವಂತಿಲ್ಲ. ಅವರ ಕೆಲಸ ಓದುವುದು, ಬರೆಯುವುದು, ಕೇಳಿದವರಿಗೆ ಸಲಹೆ ಕೊಡುವುದು. ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಯಾವ ಪ್ರಶ್ನೆಗೆ ಏನು ವ್ಯವಸ್ಥೆ ಇದೆ ಎಂಬುದನ್ನು ಸಂಗ್ರಹಿಸಿ ಸದಸ್ಯರಿಗೆ ಪುಸ್ತಿಕೆಗಳನ್ನು ಹಂಚಿದರು. 1947ರ ಮಾರ್ಚಿನಲ್ಲಿ ಸದಸ್ಯರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ರಾಷ್ಟ್ರದ ಮುಖ್ಯಸ್ಥರು ಹೇಗೆ ಆಯ್ಕೆಯಾಗಬೇಕು, ಮಂತ್ರಿಮಂಡಲ ಹೇಗಿರಬೇಕು ಎಂಬಂಥ ಪ್ರಶ್ನೆಗಳು. ಸಮಿತಿಗಳ ತೀರ್ಮಾನಗಳನ್ನೆಲ್ಲ ಸೇರಿಸಿ 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ಅನುಚ್ಛೇದಗಳು, 13 ಅನುಸೂಚಿಗಳು ಇದ್ದವು.

ಇನ್ನು ವಾಟ್ಸಾಪ್ ಜಗಳದ ಮಾತಿಗೆ ಬರೋಣ. 1947ರ ಆಗಸ್ಟ್ 29ರಂದು ಅಂಬೇಡ್ಕರ್ ಸೇರಿದಂತೆ ಏಳು ಸದಸ್ಯರ ಕರಡು ಸಮಿತಿ ನೇಮಕವಾಗಿ, ಅಂಬೇಡ್ಕರ್ ಅದರ ಅಧ್ಯಕ್ಷರಾದರು. ರಾವ್ ಅವರ ಕರಡನ್ನು ಈ ಸಮಿತಿ ಸಾಲುಸಾಲಾಗಿ ತಿದ್ದಿ 1948ರ ಫೆಬ್ರವರಿಯಲ್ಲಿ 315 ಅನುಚ್ಛೇದಗಳ ಹೊಸ ಕರಡು ಕೊಟ್ಟಿತು. ಅದು ಸಭೆಗೆ ಬಂದಾಗ 7,635 ತಿದ್ದುಪಡಿಗಳ ಸೂಚನೆ ಬಂದು, 2,473 ಮಂಡನೆಯಾದವು. ಒಂದೊಂದಕ್ಕೂ ಉತ್ತರ ಕೊಡುವುದು, ಒಪ್ಪಿಸುವುದು, ಬೇಡವಾದದ್ದನ್ನು ಕಾರಣ ಸಹಿತ ತಳ್ಳಿಹಾಕುವುದು, ಇದೆಲ್ಲದರ ಭಾರ ಹೆಚ್ಚಾಗಿ ಅಂಬೇಡ್ಕರರ ಮೇಲೆ ಬಿತ್ತು. ಆರೋಗ್ಯ ಕೆಟ್ಟಿದ್ದರೂ ಅವರು ಅದನ್ನು ಹೊತ್ತರು. 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನದಲ್ಲಿ 395 ಅನುಚ್ಛೇದಗಳು, 8 ಅನುಸೂಚಿಗಳು. 243ರಿಂದ 395ರವರೆಗಿನ ದಾರಿಯೇ ಈ ಪ್ರಶ್ನೆಗೆ ಉತ್ತರ.

ಹಿಂದಿನ ದಿನ, ನವೆಂಬರ್ 25ರಂದು, ಅಂಬೇಡ್ಕರ್ ತಮ್ಮ ಪ್ರಸಿದ್ಧ ಭಾಷಣದಲ್ಲಿ ತಮಗೆ ಬರುತ್ತಿರುವ ಶ್ರೇಯಸ್ಸು ಪೂರ್ತಿ ತಮ್ಮದಲ್ಲವೆಂದು ಹೇಳಿ, ಮೊದಲ ಕರಡು ಸಿದ್ಧಪಡಿಸಿದ ಬಿ.ಎನ್. ರಾವ್ ಅವರನ್ನು ಹೆಸರಿಟ್ಟು ನೆನೆದರು. ಕಾನೂನಿನ ಭಾಷೆಯನ್ನು ಒಪ್ಪ ಮಾಡಿದ ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೆ ಇನ್ನೂ ಹೆಚ್ಚಿನ ಪಾಲು ಸಲ್ಲಬೇಕೆಂದರು. ಅಧ್ಯಕ್ಷ ರಾಜೇಂದ್ರ ಪ್ರಸಾದರೂ ರಾವ್ ಅವರ ಸಂಬಳವಿಲ್ಲದ ಸೇವೆಗೆ ಸಭೆಯ ಪರವಾಗಿ ಕೃತಜ್ಞತೆ ಸಲ್ಲಿಸಿದರು. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿಯೂ ಮೊದಲ ಆವೃತ್ತಿ ಬರೆಯುವವರು ಒಬ್ಬರು, ಅದನ್ನು ಪರೀಕ್ಷಿಸಿ, ಬದಲಿಸಿ, ಎಲ್ಲರ ಪ್ರಶ್ನೆಗೆ ಉತ್ತರ ಕೊಟ್ಟು ಜವಾಬ್ದಾರಿ ಹೊರುವವರು ಇನ್ನೊಬ್ಬರು. ಜವಾಬ್ದಾರಿ ಹೊತ್ತವರ ಹೆಸರಿನಲ್ಲಿ ಕೆಲಸ ನಿಲ್ಲುವುದು ನ್ಯಾಯವೇ. ಮೊದಲ ಆವೃತ್ತಿ ಬರೆದವರನ್ನು ಮರೆಯುವುದು ಮಾತ್ರ ನ್ಯಾಯವಲ್ಲ. ಒಬ್ಬರನ್ನು ಮೇಲೆತ್ತಲು ಇನ್ನೊಬ್ಬರನ್ನು ಕೆಳಗಿಳಿಸುವ ಅಗತ್ಯ ಅವರಿಬ್ಬರಿಗೂ ಬೀಳಲಿಲ್ಲ, ನಮಗೇಕೆ ಬೀಳಬೇಕು?

ರಾವ್ ಅವರ ಎಲ್ಲ ಸಲಹೆಯೂ ಸರಿಯಾಗಿತ್ತು ಎಂದು ನಾನು ಹೇಳುವುದಿಲ್ಲ. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ದೇಶಗಳಿಗೆ ಹೋಗಿ ಅಲ್ಲಿನ ನಾಯಕರನ್ನೂ ನ್ಯಾಯಾಧೀಶರನ್ನೂ ಕಂಡು ಚರ್ಚಿಸಿದರು. ಕಾನೂನು ನ್ಯಾಯಯುತವಾಗಿದೆಯೇ ಎಂದು ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಹೆಚ್ಚು ಕೊಟ್ಟರೆ, ಜನರು ಆರಿಸಿದ ಶಾಸನ ಸಭೆ ಮಾಡುವ ಸುಧಾರಣೆಗಳನ್ನು ಕೆಲವು ನ್ಯಾಯಾಧೀಶರು ತಡೆಯಬಹುದು ಎಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ತಿಳಿಸಿದರು. ರಾವ್ ಅವರಿಗೂ ಇದು ಸರಿಯೆನಿಸಿತು. ಹೀಗಾಗಿ ಜೀವ ಮತ್ತು ಸ್ವಾತಂತ್ರ್ಯದ 21ನೇ ಅನುಚ್ಛೇದದಲ್ಲಿ, ಕಾನೂನು ಗೊತ್ತುಪಡಿಸಿದ ವಿಧಾನದಂತೆ ನಡೆದರೆ ಸಾಕು ಎಂಬ ಮಾತು ಬಂತು. ವಿಚಾರಣೆ ಇಲ್ಲದೆ ಬಂಧನದಲ್ಲಿಟ್ಟವರಿಗೆ ಇದರಿಂದ ರಕ್ಷಣೆ ಕಡಿಮೆಯಾಯಿತು. ಆ ವಿಧಾನವು ನ್ಯಾಯಯುತವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ ಮನೇಕಾ ಗಾಂಧಿ ಪ್ರಕರಣದಲ್ಲಿ ತೀರ್ಪು ಕೊಡಲು 1978 ಬರಬೇಕಾಯಿತು. ಜಮೀನ್ದಾರಿ ರದ್ದತಿಯಂಥ ಕಾನೂನುಗಳು ನಿಲ್ಲಬಾರದೆಂಬ ಒಳ್ಳೆಯ ಉದ್ದೇಶದ ಸಲಹೆಗೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಇನ್ನೊಂದು ಕೆಲಸ ಅಷ್ಟಾಗಿ ಯಾರ ಕಣ್ಣಿಗೂ ಬೀಳದಿದ್ದದ್ದು. ಸಂವಿಧಾನ ಇನ್ನೂ ಕರಡಾಗಿದ್ದಾಗಲೇ, 1947ರ ಕೊನೆಯಿಂದ, ವಯಸ್ಕರೆಲ್ಲರ ಮತದಾರರ ಪಟ್ಟಿ ತಯಾರಿಸುವ ಯೋಜನೆ ಸಂವಿಧಾನ ಸಭೆಯ ಸಚಿವಾಲಯದಲ್ಲಿ ಶುರುವಾಯಿತು. ಅದಕ್ಕೆ ಮಾರ್ಗದರ್ಶನ ಮಾಡಿದವರು ರಾವ್. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆ ಬಿಟ್ಟು ಓಡಿಬಂದ ಕಾಲ ಅದು. ಇಂಥ ಊರಿನಲ್ಲಿ ನೆಲೆಸುತ್ತೇನೆ ಎಂದು ನಿರಾಶ್ರಿತನು ಹೇಳಿಕೆ ಕೊಟ್ಟರೆ ಅವನ ಹೆಸರು ಬರೆದುಕೊಳ್ಳಬೇಕೆಂದು ಸೂಚನೆ ಹೋಯಿತು. ಹೀಗೆ ಮನೆಮನೆಗೆ ಹೋಗಿ ಬರೆದ ಪಟ್ಟಿಗಳಿಂದ 1951–52ರ ಮೊದಲ ಚುನಾವಣೆಗೆ ಸುಮಾರು 17 ಕೋಟಿ 30 ಲಕ್ಷ ಮತದಾರರು ಸಿದ್ಧರಾದರು.

ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಇದು ಏನು ಎಂಬುದನ್ನು ಹಿರಿಯರು ಬಲ್ಲರು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು. ರಜಾಕಾರರ ಹಾವಳಿಯ ಕಥೆಗಳು ಇನ್ನೂ ಮನೆಗಳಲ್ಲಿ ಇವೆ. ಅದಾದ ನಾಲ್ಕು ವರ್ಷದ ಒಳಗೆ ಇಲ್ಲಿನ ಕೂಲಿಯವರು, ಕುರಿಗಾಹಿಗಳು, ಹೆಣ್ಣುಮಕ್ಕಳು ಮತ ಹಾಕಿದರು. ನಮ್ಮ ಅಜ್ಜಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೆ ಮತದಾನದ ದಿನ ತೊಗರಿ ಹೊಲದ ಕೆಲಸ ಬಿಟ್ಟು, ಇಳಕಲ್ ಸೀರೆ ಉಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದಳು. ಪಟ್ಟಿಯಲ್ಲಿ ತನ್ನ ಹೆಸರು ಇದೆ ಎಂಬುದು ಅವಳಿಗೆ ದೊಡ್ಡ ಮಾತು. ಮುಂದೆ ಇದೇ ಸಂವಿಧಾನಕ್ಕೆ 371(ಜೆ) ಸೇರಿದ್ದರಿಂದ ನಮ್ಮ ಕಿರಿಯರಿಗೆ ಕಾಲೇಜು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿದೆ.

1947ರಲ್ಲಿಯೇ ರಾವ್ ನೆರೆಯ ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾದರು. 1949ರಿಂದ ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾದರು. ಅಲ್ಲಿನ ಭದ್ರತಾ ಮಂಡಳಿ ಎಂದರೆ ಯುದ್ಧ ಮತ್ತು ಶಾಂತಿಯ ಪ್ರಶ್ನೆಗಳನ್ನು ವಿಚಾರಿಸುವ ಸಭೆ. 1948ರಲ್ಲಿ ನಿಜಾಮರ ಸರ್ಕಾರ ಭಾರತದ ಮೇಲೆ ದೂರು ಒಯ್ದದ್ದು ಇದೇ ಸಭೆಗೆ. 1950 ಮತ್ತು 1951ರಲ್ಲಿ ಭಾರತಕ್ಕೆ ಅಲ್ಲಿ ಸದಸ್ಯತ್ವವಿತ್ತು. ಅಧ್ಯಕ್ಷತೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುತ್ತದೆ. 1950ರ ಜೂನ್ ತಿಂಗಳು ರಾವ್ ಅವರ ಸರದಿ. ಜೂನ್ 25ರ ಭಾನುವಾರ ಉತ್ತರ ಕೊರಿಯಾದ ಸೈನ್ಯ ದಕ್ಷಿಣ ಕೊರಿಯಾದೊಳಗೆ ನುಗ್ಗಿತು. ಅಂದೇ ಕರೆದ ತುರ್ತು ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಮಂಗಳೂರಿನ ನರಸಿಂಗ ರಾವ್.

ಅವರ ಪರಿಸ್ಥಿತಿ ಸುಲಭವಾಗಿರಲಿಲ್ಲ. ಆಕ್ರಮಣ ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಭಾರತ ಮತ ಕೊಟ್ಟಿತು. ಎರಡು ದಿನದ ಮೇಲೆ ದಕ್ಷಿಣ ಕೊರಿಯಾಕ್ಕೆ ಸಹಾಯ ಕೊಡಬೇಕೆಂಬ ನಿರ್ಣಯ ಬಂದಾಗ ದೆಹಲಿಯಿಂದ ಅಪ್ಪಣೆ ಬಂದಿರಲಿಲ್ಲ. ಅಧ್ಯಕ್ಷರಾಗಿದ್ದೂ ರಾವ್ ಆ ಮತದಾನದಲ್ಲಿ ಭಾಗವಹಿಸಲಿಲ್ಲ. ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ದೇಶದ ಮಾತು ಬಾರದೆ ದೇಶದ ಹೆಸರಿನಲ್ಲಿ ಕೈ ಎತ್ತಬಾರದು ಎಂಬುದು ರಾಯಭಾರಿಯ ಶಿಸ್ತು. ಭಾರತ ಆ ನಿರ್ಣಯವನ್ನು ಆಮೇಲೆ ಒಪ್ಪಿತು. ಡಿಸೆಂಬರಿನಲ್ಲಿ ಯುದ್ಧ ನಿಲ್ಲಿಸುವ ದಾರಿ ಹುಡುಕಲು ವಿಶ್ವಸಂಸ್ಥೆ ಮೂವರ ತಂಡ ನೇಮಿಸಿತು. ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ಭಾರತದ ರಾವ್. ಚೀನಾ ಒಪ್ಪದ್ದರಿಂದ ಆ ಪ್ರಯತ್ನ ಫಲಿಸಲಿಲ್ಲ. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ ಬಂದಾಗ, ಇದರಿಂದ ಸಂಧಾನದ ಬಾಗಿಲು ಮುಚ್ಚುತ್ತದೆ ಎಂದು ಭಾರತ ವಿರುದ್ಧ ಮತ ಹಾಕಿತು. ಕೊನೆಗೆ 1953ರ ಜುಲೈನಲ್ಲಿ ಕದನ ನಿಂತಾಗ ಯುದ್ಧಕೈದಿಗಳ ಪ್ರಶ್ನೆ ಬಿಡಿಸಲು ಹೋದ ಆಯೋಗಕ್ಕೆ ಅಧ್ಯಕ್ಷರಾದವರೂ ಕನ್ನಡ ನಾಡಿನವರೇ, ಕೊಡಗಿನ ಜನರಲ್ ತಿಮ್ಮಯ್ಯ.

ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ರಾವ್ 1951ರ ಡಿಸೆಂಬರಿನಲ್ಲಿ ಆಯ್ಕೆಯಾದರು. ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯ ನ್ಯಾಯಾಧೀಶರು ಅವರು. ಒಂಬತ್ತು ವರ್ಷದ ಅವಧಿ. ಆದರೆ ಎರಡು ವರ್ಷವೂ ತುಂಬಲಿಲ್ಲ. ಕ್ಯಾನ್ಸರ್ ಬಾಧಿಸಿ 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ವಯಸ್ಸು 66. ಮಗಳಿಗೆ ಆಸ್ತಿಯ ಪಾಲು ಕೊಟ್ಟ ಕಾಯ್ದೆಯನ್ನು ಅವರು ನೋಡಲಿಲ್ಲ. ಅವರ ಸಂವಿಧಾನ ಕುರಿತ ಬರಹಗಳನ್ನು ತಮ್ಮ ಶಿವರಾವ್ 1960ರಲ್ಲಿ ಪುಸ್ತಕವಾಗಿ ತಂದರು. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಬಿದ್ದವರಲ್ಲಿ ವೇದಿಕೆ ಏರಿದವರು ಕೆಲವರು. ಗ್ರಾಮ ಲೆಕ್ಕಿಗರು, ಗುಮಾಸ್ತರು, ಶಿಕ್ಷಕರು, ನರ್ಸುಗಳು, ಪೊಲೀಸರು, ಪಂಚಾಯಿತಿ ಅಧಿಕಾರಿಗಳು ಆದವರೇ ಬಹಳ. ಇವರ ಹೆಸರು ಫಲಕದ ಮೇಲೆ ಬರುವುದಿಲ್ಲ. ಆದರೆ ಒಬ್ಬ ವಿಧವೆಯ ಪಿಂಚಣಿ, ಒಬ್ಬ ರೈತನ ಪಹಣಿ, ಒಬ್ಬ ಹುಡುಗಿಯ ವಿದ್ಯಾರ್ಥಿವೇತನ ಇವರು ಬರೆಯುವ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಆ ಸಾಲನ್ನು ತಿಳಿದು, ಸರಿಯಾಗಿ, ಯಾರ ಮುಖವನ್ನೂ ನೋಡದೆ ಬರೆಯುವುದು ದೇಶಸೇವೆಯೇ ಎಂಬುದಕ್ಕೆ ನರಸಿಂಗ ರಾವ್ ಅವರ ಜೀವನವೇ ಸಾಕ್ಷಿ. ಅವರ ಕರಡನ್ನು ಬೇರೆಯವರು ತಿದ್ದಿದರು, ಅವರು ಬೇಸರ ಪಡಲಿಲ್ಲ, ಮುಂದಿನ ಕೆಲಸಕ್ಕೆ ಹೋದರು. ಈಗ ಪ್ರಾರ್ಥನೆಯ ವೇಳೆ ಸಂವಿಧಾನದ ಪೀಠಿಕೆ ಓದುವ ನಮ್ಮ ಶಾಲೆಯ ಮಕ್ಕಳು ಅಂಬೇಡ್ಕರರ ಹೆಸರಿನ ಜೊತೆಗೆ ಈ ಹೆಸರನ್ನೂ ತಿಳಿದಿರಲಿ.